ಸಂಸ್ಕಾರ ಯಾರದು?

ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಮೂರೇ ಪದಗಳನ್ನು ಹೀಗೆ ಹಿಂದೆ ಮುಂದೆ ಹೊರಳಿಸಿ 13 ಸಲ ಉಚ್ಚರಿಸುವುದು ವೇದದ ಘನಪಾಠದ ಕ್ರಮ. ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆ ಶುರುವಾದದ್ದು 1876ರಲ್ಲಿ. ವೇದವೂ ತರ್ಕವೂ ಅಲ್ಲಿ ಒಂದೇ ಸೂರಿನಡಿ ಪಾಠವಾಗುತ್ತ ಬಂದಿವೆ. ಒಂದು ಕಡೆ ನೆನಪನ್ನು ಪಳಗಿಸುತ್ತಾರೆ, ಇನ್ನೊಂದು ಕಡೆ ಆ ನೆನಪು ಯಾರದು ಎಂದು ವಾದಿಸುತ್ತಾರೆ.

ಹೇಳಿದ್ದನ್ನೇ ಹೇಳುವ ಹುಡುಗನ ತಲೆಯೊಳಗೆ ಏನು ನಡೆಯುತ್ತದೆ ಎಂಬುದರ ಸುಳಿವು ಮೊಲಗಳಿಂದ ಸಿಕ್ಕಿತು. ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೋ ಓಸ್ಲೋದಲ್ಲಿ ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಮಿದುಳಿನ ಹಿಪೊಕ್ಯಾಂಪಸ್‌ಗೆ ಹೋಗುವ ನರಗಳನ್ನು ಸ್ವಲ್ಪ ಹೊತ್ತು ವೇಗವಾಗಿ ಕೆಣಕಿದರೆ, ಆಮೇಲೆ ಅದೇ ಸಣ್ಣ ಮಿಡಿತಕ್ಕೆ ಗಂಟೆಗಟ್ಟಲೆ ದೊಡ್ಡ ಉತ್ತರ ಬರುತ್ತಿತ್ತು. ನರಕೋಶಗಳ ನಡುವಿನ ಸಂಧಿ, ಅಂದರೆ ಸಿನಾಪ್ಸ್, ಬಲಗೊಂಡಿತ್ತು. ಈಚಿನ ಕೋಶ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಿಡುವ ಹೊತ್ತಿಗೆ ಆಚಿನದೂ ಎಚ್ಚೆತ್ತಿದ್ದರೆ ಎನ್‌ಎಂಡಿಎ ಎಂಬ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸಂಕೇತ ಹಿಡಿಯುವ ಗ್ರಾಹಕಗಳು ಹೆಚ್ಚುತ್ತವೆ. ಮಂದವಾದ ಪ್ರಚೋದನೆ ಬಹುಕಾಲ ನಡೆದರೆ ಅದೇ ಸಂಧಿ ಸಡಿಲವಾಗುತ್ತದೆ.

ತರ್ಕದ ಪಾಠದಲ್ಲಿ ಅನುಭವ ಉಳಿಸಿಹೋಗುವ ಇಂಥ ಗುರುತಿಗೆ ಸಂಸ್ಕಾರವೆಂದು ಹೆಸರು. ನೆನಪಿಗೆ ಕಾರಣವಾಗುವ ಸಂಸ್ಕಾರವನ್ನು ನೈಯಾಯಿಕರು, ಅಂದರೆ ನ್ಯಾಯದರ್ಶನದ ಪಂಡಿತರು, ‘ಭಾವನಾ’ ಎನ್ನುತ್ತಾರೆ. ಅದು ಆತ್ಮದಲ್ಲಿ ಮಾತ್ರ ಇರುವ ಗುಣ. ದೇಹದಲ್ಲಿ ಏಕಿರಬಾರದು? 17ನೇ ಶತಮಾನದ ವಿಶ್ವನಾಥ ಪಂಚಾನನರು ‘ನ್ಯಾಯಸಿದ್ಧಾಂತಮುಕ್ತಾವಳಿ’ಯಲ್ಲಿ ಕಾರಣ ಕೊಡುತ್ತಾರೆ: ದೇಹ ಬದಲಾಗುತ್ತಲೇ ಇರುತ್ತದೆ, ಅದೇ ತಿಳಿಯುವವನಾದರೆ ಬಾಲ್ಯದಲ್ಲಿ ಕಂಡದ್ದು ಮುಪ್ಪಿನಲ್ಲಿ ನೆನಪಾಗಲಾರದು. ಹಳೆಯ ದೇಹ ತನ್ನ ಸಂಸ್ಕಾರವನ್ನು ಹೊಸದಕ್ಕೆ ದಾಟಿಸಬಹುದಲ್ಲ ಎಂಬ ಪೂರ್ವಪಕ್ಷವನ್ನೂ, ಅಂದರೆ ಎದುರಾಳಿಯ ವಾದವನ್ನೂ, ಅವರೇ ಎತ್ತುತ್ತಾರೆ. ಹಾಗೆ ಒಪ್ಪಿದರೆ ಕೊನೆಯಿಲ್ಲದಷ್ಟು ಸಂಸ್ಕಾರಗಳನ್ನು ಕಲ್ಪಿಸಬೇಕಾಗುತ್ತದೆ, ಅದು ‘ಗೌರವ’ ದೋಷ ಎಂದು ತಳ್ಳಿಹಾಕುತ್ತಾರೆ. (ಇಲ್ಲಿ ಗೌರವವೆಂದರೆ ಭಾರ, ಮರ್ಯಾದೆಯಲ್ಲ.)

1984ರಲ್ಲಿ ವಿಜ್ಞಾನಿ ಫ್ರಾನ್ಸಿಸ್ ಕ್ರಿಕ್ ಕೇಳಿದ ಪ್ರಶ್ನೆಯೂ ಇದೇ. ಸಿನಾಪ್ಸಿನ ಬಹುಪಾಲು ಪ್ರೋಟೀನುಗಳ ಆಯಸ್ಸು ದಿನಗಳು, ಹೆಚ್ಚೆಂದರೆ ಕೆಲವು ವಾರ. ನೆನಪು ಮಾತ್ರ ದಶಕಗಳ ಕಾಲ ನಿಲ್ಲುವುದು ಹೇಗೆ? ಅಣುಗಳು ಒಂದೊಂದಾಗಿ ಬದಲಾಗುತ್ತಿರಬೇಕು, ಉಳಿದವು ಹೊಸದಾಗಿ ಬಂದದ್ದಕ್ಕೆ ತಮ್ಮ ಸ್ಥಿತಿಯನ್ನೇ ಅಂಟಿಸುತ್ತಿರಬೇಕು ಎಂದು ಅವರು ಊಹಿಸಿದರು. ಮುಕ್ತಾವಳಿ ಭಾರವೆಂದು ಕೈಬಿಟ್ಟ ಪೂರ್ವಪಕ್ಷವೇ ಇಲ್ಲಿ ಮತ್ತೆ ಎದ್ದು ಕುಳಿತಿದೆ.

ನೈಯಾಯಿಕ ಸೋತನೆ? ಅಷ್ಟು ಬೇಗ ಹಾಗೆನ್ನಲಾಗದು. ಒಂದು ಪದದ ಬೆನ್ನಿಗೆ ಇನ್ನೊಂದು ಏಕೆ ಬಾಯಿಗೆ ಬರುತ್ತದೆ ಎಂಬುದಕ್ಕೆ ಸಿನಾಪ್ಸ್ ಉತ್ತರ ಕೊಡುತ್ತದೆ. ‘ಅಂದು ಕಲಿತ ನಾನೇ ಇಂದು ಹೇಳುತ್ತಿದ್ದೇನೆ’ ಎಂಬ ಅರಿವಿಗೆ ಅದಷ್ಟೇ ಸಾಲದು.

ಆದರೆ ಹೆನ್ರಿ ಮೊಲೈಸನ್ ಅವರ ಪ್ರಕರಣ ನೈಯಾಯಿಕನಿಗೂ ಕಷ್ಟದ್ದೇ. 1953ರಲ್ಲಿ ಅಮೆರಿಕದಲ್ಲಿ ಮೂರ್ಛೆರೋಗಕ್ಕೆಂದು ನಡೆದ ಶಸ್ತ್ರಚಿಕಿತ್ಸೆಯಲ್ಲಿ ಅವರ ಹಿಪೊಕ್ಯಾಂಪಸ್‌ನ ಬಹುಭಾಗ ಹೋಯಿತು. ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲದಾದವು. ಕನ್ನಡಿಯಲ್ಲಷ್ಟೇ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೊಲೈಸನ್‌ಗೆ ಕೊಟ್ಟರು. 3 ದಿನಗಳಲ್ಲಿ ಕೈ ಪಳಗಿತು, ಹಿಂದೆ ಅದನ್ನು ಮಾಡಿದ್ದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಆ ಪಳಗಿದ ಕೈಯ ಸಂಸ್ಕಾರ ಆತ್ಮದ್ದೇ ಆದರೆ, ಆತ್ಮಕ್ಕೇ ಅದರ ಸುದ್ದಿ ಇಲ್ಲದಿದ್ದುದು ಹೇಗೆ? ಮುಕ್ತಾವಳಿಯ ಆ ಭಾಗ ಪಾಠಕ್ಕೆ ಬಂದ ದಿನ ಮೊಲೈಸನ್ ಅವರನ್ನೂ ಪೂರ್ವಪಕ್ಷದ ಸಾಲಿನಲ್ಲಿ ಕೂರಿಸಬೇಕು.