ಹೆಸರು ಮತ್ತು ವಸ್ತು: ಫೋರ್ಟ್ರಾನ್ ಎತ್ತುವ ಪ್ರಶ್ನೆ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ನಿತ್ಯವೆಂಬುದು ಮೀಮಾಂಸಕರ ವಾದ. ಅದು ಸಂಕೇತದಿಂದ ಬಂದದ್ದು ಎಂಬುದು ನೈಯಾಯಿಕರ ನಿಲುವು. ಮೊದಲ ಪ್ರೋಗ್ರಾಮಿಂಗ್ ಭಾಷೆಗಳ ಹೆಸರುಗಳನ್ನು ನೋಡಿದರೆ ನೈಯಾಯಿಕರೇ ಗೆದ್ದಂತೆ ಕಾಣುತ್ತದೆ. ಜಾನ್ ಬ್ಯಾಕಸ್ ನೇತೃತ್ವದ ಐಬಿಎಂ ತಂಡ 1957ರಲ್ಲಿ ಹೊರತಂದ ಫೋರ್ಟ್ರಾನ್‌ನ ಹೆಸರು ‘ಫಾರ್ಮುಲಾ’, ‘ಟ್ರಾನ್ಸ್‌ಲೇಟಿಂಗ್’ ಎಂಬ ಪದಗಳ ಮೊದಲ ತುಂಡುಗಳ ಜೋಡಣೆ. 1958ರಲ್ಲಿ ಜ್ಯೂರಿಕ್‌ನಲ್ಲಿ ರೂಪುಗೊಂಡ ಐಎಎಲ್ ಬೇಗನೆ ಆಲ್ಗಾಲ್ ಆಯಿತು. ಹೆಸರು ಬದಲಾಯಿತು, ಭಾಷೆ ಅದೇ. ಆಲ್ಗಾಲ್ 60 ಮತ್ತು ಆಲ್ಗಾಲ್ 68ರ ಕಥೆ ತಿರುವುಮುರುವು: ಹೆಸರು ಒಂದೇ, ಭಾಷೆಗಳು ಬಹುಮಟ್ಟಿಗೆ ಬೇರೆ.

ಆದರೆ ಫೋರ್ಟ್ರಾನ್‌ನ ಒಳಹೊಕ್ಕರೆ ವಾದ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಅದರ ಮೊದಲ ಆವೃತ್ತಿಯಲ್ಲಿ ಚರದ ಹೆಸರು ರೋಮನ್ ಲಿಪಿಯ ಐ ಇಂದ ಎನ್‌ವರೆಗಿನ ಅಕ್ಷರದಿಂದ ಶುರುವಾದರೆ ಅದು ಪೂರ್ಣಾಂಕ, ಇಲ್ಲವಾದರೆ ದಶಮಾಂಶ ಸಂಖ್ಯೆ. 3.5ನ್ನು ‘ಎಕ್ಸ್’ನಲ್ಲಿಟ್ಟರೆ 3.5 ಆಗಿಯೇ ಉಳಿಯುತ್ತದೆ. ‘ಜೆ’ಯಲ್ಲಿಟ್ಟರೆ 3 ಆಗಿಬಿಡುತ್ತದೆ. ಇಲ್ಲಿ ಹೆಸರು ಬರಿಯ ಗುರುತಲ್ಲ, ವಸ್ತುವಿನ ಸ್ವಭಾವವನ್ನೇ ನಿರ್ಧರಿಸುತ್ತದೆ. ಆ ನಿಯಮವೂ ಮನುಷ್ಯರ ಒಪ್ಪಂದವೇ ಎಂದು ನೈಯಾಯಿಕ ಹೇಳಬಹುದು, ಮಾತು ಸರಿ. ಆದರೂ ಪ್ರೋಗ್ರಾಂ ಬರೆಯುವವನ ಪಾಲಿಗೆ ಆ ಸಂಬಂಧ ಮೊದಲೇ ಇದ್ದದ್ದು, ಅವನ ಇಚ್ಛೆಗೆ ಬಗ್ಗದ್ದು. ಈ ಕಟ್ಟಿನಿಂದ ಪೂರ್ತಿ ಹೊರಬರಲು ‘ಇಂಪ್ಲಿಸಿಟ್ ನನ್’ ಎಂಬ ಸಾಲನ್ನು ಫೋರ್ಟ್ರಾನ್ 90 ಅಧಿಕೃತವಾಗಿ ಸೇರಿಸಿಕೊಂಡಿತು.