ಸಿಗಲಿಲ್ಲ ಅಂದರೆ ಇಲ್ಲವೇ?

ಗೂಗಲ್‌ನಲ್ಲಿ ಹುಡುಕಿ ಏನೂ ಸಿಗದಿದ್ದರೆ ಜನ ಕೊಡುವ ತೀರ್ಪು ಒಂದೇ: ಅಂಥದ್ದು ಇಲ್ಲ. ಧಾರವಾಡದ ಕಾಲೇಜೊಂದರ ಗ್ರಂಥಾಲಯದಲ್ಲಿ ಮೇಜಿನ ಈಚೆ ಕೂತ ನನಗೆ ಈ ತೀರ್ಪು ದಿನಾ ಕಿವಿಗೆ ಬೀಳುತ್ತದೆ. ಬಿದ್ದಾಗಲೆಲ್ಲ ಮೀಮಾಂಸಾ ದಾರ್ಶನಿಕ ಕುಮಾರಿಲಭಟ್ಟ ನೆನಪಾಗುತ್ತಾನೆ.

ನೆಲದ ಮೇಲೆ ಗಡಿಗೆ ಇಲ್ಲ ಎಂದು ನಮಗೆ ತಿಳಿಯುವುದು ಹೇಗೆ? ಇಲ್ಲದ್ದನ್ನು ಕಣ್ಣು ನೋಡಲಾರದು. ಹಾಗಾಗಿ ಕುಮಾರಿಲನ ಭಾಟ್ಟ ಮೀಮಾಂಸಕರು ಪ್ರತ್ಯಕ್ಷ, ಅನುಮಾನ ಮೊದಲಾದ ಐದರ ಜತೆಗೆ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನೂ, ಅಂದರೆ ತಿಳಿಯುವ ದಾರಿಯನ್ನೂ, ಒಪ್ಪಿದರು. ಕಾಣದಿರುವುದೇ ಇಲ್ಲದಿರುವುದಕ್ಕೆ ಸಾಕ್ಷಿ. ಇದಕ್ಕೆ ಬೇರೆ ಪ್ರಮಾಣ ಯಾಕೆ ಎಂದು ನ್ಯಾಯದರ್ಶನದವರಾದ ನೈಯಾಯಿಕರು ತಕರಾರು ತೆಗೆದರು. ಆ ಜಗಳ ಇಲ್ಲಿ ಬೇಡ. ನನಗೆ ಬೇಕಾದದ್ದು ಈ ಪ್ರಮಾಣಕ್ಕೆ ಅಂಟಿಕೊಂಡ ಷರತ್ತು. ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಏನೂ ಸಿದ್ಧವಾಗದು. ಬೆಳಕಿದ್ದೂ ಪಿಶಾಚಿ ಕಾಣಲಿಲ್ಲವೆಂದರೆ ಪಿಶಾಚಿ ಇಲ್ಲವೆಂದಾಗದು. ಅದು ಇದ್ದರೂ ಕಾಣುವ ಜಾತಿಯದಲ್ಲ.

ಕನ್ನಡದ ಮಟ್ಟಿಗೆ ಅಂತರಜಾಲ ಇನ್ನೂ ಅರೆಗತ್ತಲ ಕೋಣೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಿಡಿಎಫ್ ಕಣ್ಣಿಗೆ ಅಚ್ಚಕನ್ನಡ, ಒಳಗೆ ಮಾತ್ರ ರೋಮನ್ ಅಕ್ಷರಗಳ ಕಿಚಡಿ. ಯುನಿಕೋಡ್‌ನಲ್ಲಿ ಹುಡುಕಿದರೆ ಅದು ಮಾತಾಡುವುದಿಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳು ರಾಶಿ ಬಿದ್ದಿವೆ, ಆದರೆ ಎಷ್ಟೋ ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಟೈಪಿಸಿದವರಿಗೆ ತೋಚಿದ ಕಾಗುಣಿತದಲ್ಲಿದೆ. ಮೊನ್ನೆ ಒಬ್ಬ ಹುಡುಗ ತನ್ನ ಅಜ್ಜನ ಪುಸ್ತಕ ಎಲ್ಲೂ ಇಲ್ಲವೆಂದು ಕೈಚೆಲ್ಲಿದ್ದ. ಶೀರ್ಷಿಕೆ ಬಿಟ್ಟು, ಬರೀ ಮನೆತನದ ಹೆಸರನ್ನು ಇಂಗ್ಲಿಷ್‌ನಲ್ಲಿ ಮೂರ್ನಾಲ್ಕು ಬಗೆಯಲ್ಲಿ ಹಾಕಿ ನೋಡಿದೆವು. ಪುಸ್ತಕ ಅಲ್ಲೇ ಇತ್ತು.

ಇದಕ್ಕೆ ತಿರುಗುಮುರುಗಾದ ಕೇಸು ಬಸವ ಜಯಂತಿಯ ಹೊತ್ತಿಗೆ ಬಂತು. ಬಿ.ಎಡ್. ಓದುವ ಹುಡುಗಿ ವಾಟ್ಸ್ಯಾಪ್ ಚಿತ್ರವೊಂದನ್ನು ತೋರಿಸಿದಳು: ಸೂರ್ಯೋದಯ, ಅದರ ಮೇಲೆ ನಾಲ್ಕು ಸಾಲು, ಕೊನೆಗೆ ಕೂಡಲಸಂಗಮದೇವನ ಅಂಕಿತ. "ಸರ, ಇದು ಬಸವಣ್ಣನವರ ವಚನ ಹೌದಲ್ರೀ? ಗೂಗಲ್‌ನ್ಯಾಗ ಎಲ್ಲಾ ಕಡೆ ಐತ್ರಿ." ಐತಿ, ನಿಜ. ಇಡೀ ಸಾಲನ್ನು ಹಾಗೇ ಹಾಕಿದರೆ ಬರುವುದು ಶುಭೋದಯದ ಚಿತ್ರಗಳೇ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಬ್ರಿನ್ ಮತ್ತು ಪೇಜ್ ಗೂಗಲ್‌ಗಾಗಿ ಮುಂದಿಟ್ಟ ಲೆಕ್ಕದಲ್ಲಿ, ಬೇರೆ ಪುಟಗಳು ಯಾವುದರತ್ತ ಹೆಚ್ಚು ಕೈ ತೋರಿಸುತ್ತವೆಯೋ ಅದು ಮೇಲೆ ಬರುತ್ತದೆ. ಕೈ ತೋರಿಸಿದವರು ಬಲ್ಲವರೇ ಎಂಬುದು ಬೇರೆ ಪ್ರಶ್ನೆ. ಆಪ್ತವಾಕ್ಯವನ್ನು, ಅಂದರೆ ನಂಬಿಕಸ್ಥ ಬಲ್ಲವರ ಮಾತನ್ನು, ತಲೆ ಎಣಿಸಿ ತೀರ್ಮಾನಿಸಿದ ಶಾಸ್ತ್ರಕಾರನನ್ನು ನಾನಂತೂ ಓದಿಲ್ಲ.

ಆದ್ದರಿಂದ ಬೆಳಕಿರುವ ಕೋಣೆಗೆ ಹೋದೆವು. ವಚನ ಸಂಚಯ ಎಂಬ ತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳು ಯುನಿಕೋಡ್‌ನಲ್ಲಿವೆ, ಪದ ಹಿಡಿದು ಹುಡುಕಬಹುದು. ಹುಡುಗಿ 'ನನ್ನ' ಎಂದು ಟೈಪಿಸಿದಳು. "ಅವರು 'ಎನ್ನ' ಅಂದಿರತಾರವಾ, ಅದನ್ನೂ ಹಾಕು" ಎಂದೆ. ನಮ್ಮ ಪ್ರಶ್ನೆಯ ಮಾತಿನಲ್ಲಿ ಹುಡುಕಬಾರದು, ಉತ್ತರ ಯಾವ ಮಾತಿನಲ್ಲಿ ಕೂತಿರಬಹುದೋ ಅದರಲ್ಲಿ ಹುಡುಕಬೇಕು. ವಿಭಕ್ತಿ ಕಳಚಿ ಹಾಕಿದೆವು, ಸಾಮಾನ್ಯ ಪದ ಬಿಟ್ಟು ಅಪರೂಪದ ಎರಡು ಪದಗಳನ್ನು ಮಾತ್ರ ಹಾಕಿದೆವು. ಸಿಗಲಿಲ್ಲ. ನಾಲ್ಕು ಸಾಲಿನ ನಡುವೆ 'ಆತ್ಮವಿಶ್ವಾಸ' ಎಂಬ ಈಚಿನ ಪದ ಕಂಡಾಗಲೇ ನನಗೆ ಗುಮಾನಿ ಬಂದಿತ್ತು, ಅದಿರಲಿ.

ಇಲ್ಲಿ ಒಂದು ತೊಡಕಿದೆ. ದೇವರು ಕಾಣುವುದಿಲ್ಲ, ಹಾಗಾಗಿ ಇಲ್ಲ ಎನ್ನುವವರಿಗೆ ನೈಯಾಯಿಕ ಉದಯನಾಚಾರ್ಯ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಇದೇ ಷರತ್ತನ್ನು ಹಿಡಿದು ಉತ್ತರ ಕೊಟ್ಟ: ಕಾಣಲು ಯೋಗ್ಯವಾದದ್ದು ಕಾಣದಿದ್ದರೆ ಮಾತ್ರ ಇಲ್ಲವೆನ್ನಿ, ಈಶ್ವರ ಅಂಥ ವಸ್ತುವಲ್ಲ. ವಾದ ಗಟ್ಟಿಯೇ. ಆದರೆ ಈಶ್ವರನನ್ನು ಉಳಿಸಿದ ಕಿಂಡಿಯಲ್ಲಿ ಪಿಶಾಚಿಯೂ ನುಸುಳುತ್ತದೆ, ವಾಟ್ಸ್ಯಾಪ್ ವಚನವೂ ನುಸುಳುತ್ತದೆ. ಯಾವುದೋ ಮಠದ ತಾಳೆಗರಿಯಲ್ಲಿ ಇದ್ದೀತು, ನೀವು ನೋಡಿಲ್ಲ ಅಷ್ಟೆ ಎನ್ನುವವರ ಬಾಯಿ ಮುಚ್ಚಿಸಲು ನನ್ನಲ್ಲಿ ಏನೂ ಇಲ್ಲ. ಸೃಷ್ಟಿಕರ್ತನನ್ನೇ ಒಪ್ಪದ ಕುಮಾರಿಲನಿಗೆ ಈ ಫಜೀತಿ ಕಡಿಮೆ ಇತ್ತೇನೋ. ನನ್ನ ಮಟ್ಟಿಗೆ, 'ಇದ್ದೀತು' ಎನ್ನುವವರು ಯಾವ ಕೋಣೆಯಲ್ಲಿ ಎಂದು ಹೇಳಬೇಕು, 'ಇಲ್ಲ' ಎನ್ನುವ ನಾನು ಯಾವ ದೀಪ ಹಿಡಿದು ನೋಡಿದೆ ಎಂದು ಹೇಳಬೇಕು.

ಹುಡುಗಿ, "ಹೌದೋ ಅಲ್ಲೋ ಒಂದ ಸಾಲಿನಾಗ ಬರೆದು ಕೊಡ್ರಿ ಸರ" ಎಂದಳು. ಯಾವ ತಾಣ, ಯಾವ ಪದಗಳು, ಯಾವ ರೂಪಗಳು ಎಲ್ಲ ಬರೆದು, ಇಷ್ಟರಲ್ಲಿ ಸಿಗಲಿಲ್ಲ ಎಂದು ಚೀಟಿ ಕೊಟ್ಟೆ. ಓದಿ ನೋಡಿ, "ಇಷ್ಟುದ್ದ ಭಾಷಣದಾಗ ಹೇಳಾಕ ಆಗಂಗಿಲ್ರಿ" ಎಂದವಳು ಬೇರೆ ವಚನ ಆರಿಸಿಕೊಂಡು ಹೋದಳು.