ಚರ್ಮದ ಹಾಸೂ ಶ್ರಾವಕನ ವಿವೇಕವೂ

ಬೆಳಗ್ಗೆ ಎಚ್ಚರವಾದೊಡನೆ ಹಾಸಿಗೆಯ ಮೇಲೆಯೇ ಕುಳಿತು ಪಂಚನಮಸ್ಕಾರ ಮಂತ್ರವನ್ನು ಸ್ಮರಿಸಿ, ಅನಂತರವೇ ನೆಲಕ್ಕೆ ಕಾಲಿಡುವುದು ನಮ್ಮ ಮನೆಗಳಲ್ಲಿ ಹಿರಿಯರಿಂದ ನಡೆದುಬಂದ ಪದ್ಧತಿ. ಹಾಗೆ ಇಡುವ ದಿನದ ಮೊದಲ ಹೆಜ್ಜೆ ಒಂದು ಹಸುವಿನ ತೊಗಲಿನ ಮೇಲೆ ಬೀಳುವುದಾದರೆ ಶ್ರಾವಕನು ಏನು ಮಾಡಬೇಕು? ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಕೆಲವು ವರ್ಷಗಳ ಹಿಂದೆ ನನ್ನೆದುರಿಗೇ ಬಂದು ನಿಂತ ಪ್ರಶ್ನೆ.

ನನ್ನ ಮಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಸಮೀಪದಲ್ಲಿ ನೆಲೆಸಿದ್ದಾನೆ. ಆ ದೇಶದಲ್ಲಿ ಅತಿ ಹೆಚ್ಚು ದನಗಳಿರುವ ರಾಜ್ಯವದು. ಕೂದಲು ಸಹಿತ ಹದಮಾಡಿದ ಇಡೀ ಚರ್ಮವನ್ನು ಕೋಣೆಯ ನೆಲಕ್ಕೆ ಹಾಸುವುದು ಅಲ್ಲಿ ಸದಭಿರುಚಿಯ ಲಕ್ಷಣವೆನಿಸಿದೆ. ನಾನೂ ನನ್ನ ಧರ್ಮಪತ್ನಿಯೂ ಅಲ್ಲಿಗೆ ಹೋದಾಗ ಸೊಸೆಯು ನಮಗಾಗಿ ಒಂದು ಮಲಗುವ ಕೋಣೆಯನ್ನು ಬಹು ಅಕ್ಕರೆಯಿಂದ ಅಣಿಗೊಳಿಸಿದ್ದಳು. ಗೋಡೆಯ ಮೇಲೆ ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಯ ಚಿತ್ರ. ಮಂಚದ ಬದಿಗೆ ಕಂದು-ಬಿಳಿ ಮಚ್ಚೆಗಳ ಒಂದು ಚರ್ಮ. ಕಾಲುಗಳಿದ್ದ ಕಡೆ ಅದರ ನಾಲ್ಕು ಮೂಲೆಗಳು ಚಾಚಿಕೊಂಡಿದ್ದವು. ನಾನು ಬಾಗಿಲಲ್ಲಿಯೇ ನಿಂತೆ. ಆ ರಾತ್ರಿ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗಿದೆ. ಸೊಸೆ ಮಾತನಾಡಲಿಲ್ಲ, ಆದರೆ ಅವಳ ಕಣ್ಣಂಚಿನಲ್ಲಿ ನೀರಿತ್ತು. ನನ್ನ ಧರ್ಮಪತ್ನಿ ಮಾತ್ರ ಸುಮ್ಮನಿರಲಿಲ್ಲ. "ಸತ್ತ ಹಸುವಿನ ಮೇಲೆ ಇಷ್ಟು ಕನಿಕರ, ಬದುಕಿರುವ ಹುಡುಗಿಯ ಮೇಲೆ ಇಲ್ಲವೇನ್ರೀ?" ಎಂದಳು.

ಮರುದಿನ ಬೆಳಗ್ಗೆ ನಾಲ್ವರೂ ಕುಳಿತು ಮಾತನಾಡಿದೆವು. ಆ ಮಾತುಕತೆಯ ಸಾರವನ್ನು ಓದುಗರ ಮುಂದಿಡುತ್ತೇನೆ. ಇಂತಹ ವಸ್ತುಗಳು ಈಗ ನಮ್ಮ ಬೆಂಗಳೂರಿನ ಮನೆಗಳಿಗೂ ಬರುತ್ತಿವೆ.

ಮಗನ ಮೊದಲ ವಾದ ಹೀಗಿತ್ತು: "ಅಪ್ಪಾ, ಚರ್ಮಕ್ಕಾಗಿ ಯಾರೂ ಹಸುವನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಮಾಂಸಕ್ಕಾಗಿ. ಚರ್ಮ ಹೇಗೂ ಉಳಿಯುತ್ತದೆ." ನಾನು ವಾಣಿಜ್ಯಶಾಸ್ತ್ರ ಓದಿದವನು. ಕಾಲೇಜಿನಲ್ಲಿ ಕಲಿತ ವೆಚ್ಚ ಲೆಕ್ಕಶಾಸ್ತ್ರದಲ್ಲಿ ಉಪೋತ್ಪನ್ನವೆಂಬ ಒಂದು ಅಧ್ಯಾಯವಿದೆ. ಉಪೋತ್ಪನ್ನವನ್ನು ಮಾರಿ ಬಂದ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುವುದು ಅಲ್ಲಿನ ಒಂದು ರೂಢಿ. ಉದಾಹರಣೆಗೆ, ಒಂದು ಪಶುವಿನ ಮೇಲೆ ಕಟುಕನಿಗೆ ನೂರು ರೂಪಾಯಿ ವೆಚ್ಚವಾಗಿ, ಮಾಂಸದಿಂದ ತೊಂಬತ್ತೈದು, ಚರ್ಮದಿಂದ ಹತ್ತು ರೂಪಾಯಿ ಬಂದಿತೆಂದು ಭಾವಿಸೋಣ. ಚರ್ಮ ಮಾರಾಟವಾಗದಿದ್ದರೆ ಅವನಿಗೆ ಐದು ರೂಪಾಯಿ ನಷ್ಟ, ಮಾರಾಟವಾದರೆ ಐದು ರೂಪಾಯಿ ಲಾಭ. ಹಾಸನ್ನು ಕೊಂಡವನು ಕತ್ತಿ ಹಿಡಿಯಲಿಲ್ಲ, ನಿಜ. ಆದರೆ ಕತ್ತಿಯ ಖರ್ಚಿನಲ್ಲಿ ಒಂದು ಪಾಲನ್ನು ಕೊಟ್ಟನು.

ಮಗ ಇದಕ್ಕೂ ಉತ್ತರ ಕೊಟ್ಟನು. ಚರ್ಮದ ಬೆಲೆ ಕುಸಿದು, 2019ರ ಸುಮಾರಿಗೆ ಅಮೆರಿಕದಲ್ಲಿ ಕೊಳ್ಳುವವರಿಲ್ಲದ ಚರ್ಮಗಳನ್ನು ಕಸದೊಡನೆ ಹೂಳಿದ ಸಂಗತಿಯನ್ನು ಹೇಳಿ, "ಮಣ್ಣುಪಾಲಾಗುವುದನ್ನು ಉಪಯೋಗಿಸಿದರೆ ತಪ್ಪೇನು?" ಎಂದು ಕೇಳಿದನು. ಅವನ ಮಾತಿನಲ್ಲಿ ಸತ್ಯಾಂಶವಿದೆ. ಬೆಲೆಯೇ ಇಲ್ಲದ ವಸ್ತುವಿಗೆ ನನ್ನ ಲೆಕ್ಕಶಾಸ್ತ್ರ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಆದರೆ ಅವನ ಕೋಣೆಯ ಹಾಸು ಕಸದಿಂದ ಎತ್ತಿ ತಂದದ್ದಾಗಿರಲಿಲ್ಲ. ಅದು ಬ್ರಾಜಿಲ್ ದೇಶದಿಂದ ಬಂದಿತ್ತು. ಮಚ್ಚೆ ಚೆಂದವಾಗಿರುವ ತೊಗಲನ್ನು ಆರಿಸಿ, ಉಪ್ಪು ಹಾಕಿ ಕೆಡದಂತೆ ಕಾಪಾಡಿ, ಕೂದಲು ಉದುರಿಸುವ ಸುಣ್ಣದ ಹಂತವನ್ನು ಬಿಟ್ಟು, ಕ್ರೋಮಿಯಂ ಲವಣದಲ್ಲಿ ಹದಮಾಡಿ ಸಿದ್ಧಪಡಿಸಿದ ವ್ಯಾಪಾರದ ಸರಕು ಅದು.

ಇಲ್ಲಿ ಲೆಕ್ಕಶಾಸ್ತ್ರವನ್ನು ಬಿಟ್ಟು ಶಾಸ್ತ್ರಕ್ಕೆ ಬರೋಣ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಆಧಾರವಾದ ಜೀವಾಧಿಕರಣದ ಭೇದಗಳನ್ನು ಹೇಳಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ತಾನೇ ಮಾಡುವುದು ಇವುಗಳಲ್ಲಿ ಮೂರನೆಯ ಒಂದು ಪಾಲು ಮಾತ್ರ. ಉಳಿದ ಎರಡು ಪಾಲು ಮಾಡಿಸುವುದಕ್ಕೂ ಮೆಚ್ಚುವುದಕ್ಕೂ ಸೇರಿವೆ. ಅಲಂಕಾರವೆಂದರೆ ಮೆಚ್ಚುಗೆಯಲ್ಲದೆ ಮತ್ತೇನು? ಕಾಲಿಗೆ ಚಪ್ಪಲಿ ಬೇಕಾದವನು ಚರ್ಮವನ್ನು ಮೆಚ್ಚಿ ಕೊಳ್ಳುವುದಿಲ್ಲ, ಮುಳ್ಳಿಗೆ ಅಂಜಿ ಕೊಳ್ಳುತ್ತಾನೆ. ಹಾಸನ್ನು ಕೊಳ್ಳುವವನಾದರೋ ಆ ಪ್ರಾಣಿಯ ಮೈಬಣ್ಣವನ್ನೇ ನೋಡಿ ಸಂತೋಷಪಟ್ಟು ಕೊಳ್ಳುತ್ತಾನೆ. ಪ್ರಯೋಜನವಿಲ್ಲದ ಪಾಪಕ್ಕೆ ಅನರ್ಥದಂಡವೆಂದು ಹೆಸರು. ಬೆಚ್ಚನೆಯ ಹಾಸಿಗೆ ಹತ್ತಿಯ ಜಮಖಾನವೂ ಸಾಕಾಗುವಲ್ಲಿ ತೊಗಲನ್ನು ಆರಿಸುವುದು ಆ ಹೆಸರಿಗೆ ಬಹಳ ಹತ್ತಿರದ್ದು.

"ತಾನಾಗಿ ಸತ್ತ ಪಶುವಿನದಾದರೆ?" ಎಂದು ಸೊಸೆ ಕೇಳಿದಳು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮಾಂಸದ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ತಾನಾಗಿ ಸತ್ತ ಎಮ್ಮೆ ಎತ್ತುಗಳ ಮಾಂಸದಲ್ಲಿಯೂ ಅದನ್ನಾಶ್ರಯಿಸಿದ ನಿಗೋದ ಜೀವಗಳ ಘಾತವಿದೆ ಎಂದಿದ್ದಾರೆ. ಹದಮಾಡಿ ಒಣಗಿಸಿದ ಚರ್ಮಕ್ಕೆ ಆ ಕಾರಣವನ್ನು ಹಾಗೆಯೇ ಹಚ್ಚಲಾಗದು ಎಂದು ನಾನು ಒಪ್ಪಿಕೊಂಡೆ. ನಮ್ಮ ಮುನಿಗಳ ಕೈಯಲ್ಲಿರುವ ಪಿಂಛಿಯೂ ಪ್ರಾಣಿಯ ಮೈಯಿಂದ ಬಂದದ್ದೇ. ಆದರೆ ನವಿಲು ತಾನಾಗಿ ಉದುರಿಸಿ, ಮತ್ತೆ ಹೊಸ ಗರಿ ತಳೆದು ಬದುಕುತ್ತದೆ. ಮೇಲಾಗಿ ಪಿಂಛಿ ಇರುವುದು ಜೀವಗಳನ್ನು ಕಾಪಾಡಲಿಕ್ಕೆ, ಅಲಂಕಾರಕ್ಕಲ್ಲ. ತಾನಾಗಿ ಸತ್ತ ಹಸುವಿನ ಚರ್ಮದಲ್ಲಿ ದೋಷ ಕಡಿಮೆ. ಆದರೆ ಅಂಗಡಿಯ ಹಾಸು ಅಂತಹುದೆಂದು ಹೇಳುವವರು ಯಾರು?

ಅನಂತರ ಸೊಸೆ ಮೆಲ್ಲನೆ ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಮಾವ, ನಮ್ಮ ಹುಬ್ಬಳ್ಳಿಯ ಅಂಗಡಿಯಲ್ಲಿ ನೀವು ಮೂವತ್ತು ವರ್ಷ ರೇಷ್ಮೆ ಸೀರೆ ಮಾರಿದಿರಿ. ನನ್ನ ಮದುವೆಯ ಸೀರೆಯೂ ಅಲ್ಲಿಯದೇ. ಅದಕ್ಕೆಷ್ಟು ಜೀವ ಹೋಗಿದೆ?"

ನೂಲು ತುಂಡಾಗದಿರಲೆಂದು ಗೂಡಿನೊಳಗಿನ ಹುಳುವನ್ನು, ಅದು ಚಿಟ್ಟೆಯಾಗಿ ಹೊರಬರುವ ಮೊದಲೇ, ಬಿಸಿಗಾಳಿಯಿಂದಲೋ ಹಬೆಯಿಂದಲೋ ಕೊಲ್ಲುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಇದನ್ನು ನಾನು ಅರಿಯದವನಲ್ಲ. ಹಸು ಪಂಚೇಂದ್ರಿಯ ಜೀವಿ, ಹುಳು ಅಷ್ಟಲ್ಲ ಎಂದು ಹೇಳಬಹುದಿತ್ತು. ಆದರೆ ಹುಳುವೂ ತ್ರಸಜೀವವೇ, ಮತ್ತು ತ್ರಸಜೀವದ ಸಂಕಲ್ಪೀ ಹಿಂಸೆಯ ತ್ಯಾಗವೇ ಅಹಿಂಸಾಣುವ್ರತದ ಬುನಾದಿ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ತ್ರಸಜೀವಿಗಳ ದಂತ, ಕೇಶ, ಚರ್ಮಾದಿಗಳನ್ನು ವ್ಯಾಪಾರಕ್ಕಾಗಿ ಕೊಳ್ಳುವುದನ್ನು ದಂತವಾಣಿಜ್ಯವೆಂದು ಕರೆದು ನಿಷಿದ್ಧ ವೃತ್ತಿಗಳಲ್ಲಿ ಸೇರಿಸಿದ್ದಾರೆ. ಮಗನು ಒಂದು ಹಾಸು ಕೊಂಡನು. ನಾನು ಮೂವತ್ತು ವರ್ಷ ವ್ಯಾಪಾರ ಮಾಡಿದೆನು. ಹಾಗಿರಲು ಹಜಾರದಲ್ಲಿ ಚಾಪೆ ಹಾಸಿ ಮಲಗುವ ಅಧಿಕಾರ ನನಗಿತ್ತೆ?

ಇಲ್ಲಿ ಎರಡು ತಪ್ಪು ದಾರಿಗಳಿವೆ. "ರೇಷ್ಮೆ ಇದೆ, ಹಾಲಿಗಾಗಿ ಕರುವಿನ ಪಾಲು ಕಸಿಯುವುದೂ ಇದೆ, ಆದ್ದರಿಂದ ಚರ್ಮವೂ ಇರಲಿ" ಎಂಬುದು ಒಂದು. ಒಂದು ಸಾಲ ತೀರಿಸಲಾಗದವನು ಇನ್ನೊಂದು ಸಾಲ ಮಾಡಿದಂತೆ ಇದು. ಪರರ ಹಾಸನ್ನು ಕಂಡು ಮೂಗು ಮುರಿದು ತನ್ನ ಕಪಾಟನ್ನು ತೆರೆಯದಿರುವುದು ಇನ್ನೊಂದು. ಅಣುವ್ರತವೆಂಬ ಮಾತಿನಲ್ಲಿಯೇ ಅಣುವಿದೆ. ಸ್ವಲ್ಪ ಸ್ವಲ್ಪವಾಗಿ, ಆದರೆ ತನ್ನಿಂದಲೇ ಮೊದಲಾಗಿ ನಡೆಯುವ ವ್ರತವಿದು. ಮತ್ತೆ ಮತ್ತೆ ಬಳಸುವ ವಸ್ತ್ರ, ಶಯ್ಯೆ ಮೊದಲಾದ ಉಪಭೋಗದ ವಸ್ತುಗಳಿಗೂ ಪರಿಮಾಣ ಹಾಕಿಕೊಳ್ಳಬೇಕೆಂದು ವಿಧಿಸಿರುವುದು ಇದಕ್ಕಾಗಿಯೇ.

ಧರ್ಮದರ್ಶಿಗಳಲ್ಲಿಯೂ ಒಂದು ವಿನಂತಿ. ಬಸದಿಯೊಳಗೆ ಬರುವವರು ಚರ್ಮದ ಬೆಲ್ಟು, ಪಾಕೀಟು ಹೊರಗಿಟ್ಟು ಬರಲೆಂದು ಫಲಕ ಹಾಕುತ್ತೇವೆ. ಒಳಗೆ ಪೂಜೆಯ ಕಾಲದಲ್ಲಿ ನುಡಿಸುವ ವಾದ್ಯದ ಮುಖಕ್ಕೆ ಹೊದಿಸಿದ್ದೇನು? ಪಾಲಿಯೆಸ್ಟರ್ ಹಾಳೆ ಬಿಗಿದ ವಾದ್ಯಗಳು ಈಗ ದೊರೆಯುತ್ತವೆ. ನಾದ ತುಸು ಬೇರೆಯಾದೀತು. ಅದನ್ನು ಯೋಚಿಸಬಹುದಲ್ಲವೆ?

ಇನ್ನು ಆ ಹಾಸಿನ ಗತಿ. ಎಸೆದರೆ ಹಸು ಮರಳಿ ಬರುವುದಿಲ್ಲ, ಮಾರಿದರೆ ಇನ್ನೊಬ್ಬರಿಗೆ ಅನುಮೋದನೆಯಾಗುತ್ತದೆ. ಸೊಸೆ ತಾನಾಗಿಯೇ ಅದನ್ನು ಸುತ್ತಿ ಮೇಲಿನ ಕಪಾಟಿನಲ್ಲಿಟ್ಟಳು. ಆ ರಾತ್ರಿ ನಾನು ಅವಳು ಅಣಿಗೊಳಿಸಿದ ಕೋಣೆಯಲ್ಲಿಯೇ ಮಲಗಿದೆ. ಮೊದಲ ರಾತ್ರಿಯ ನನ್ನ ವರ್ತನೆಗೆ ಕ್ಷಮೆಯನ್ನೂ ಕೇಳಿದೆ. ಅವಳೊಡನೆ ಮಾತನಾಡಿ, ಆಮೇಲೆ ಚಾಪೆ ಹಾಸಬಹುದಿತ್ತು.

ಊರಿಗೆ ಮರಳಿದ ಮೇಲೆ ರೇಷ್ಮೆಯ ಹೊಸ ಖರೀದಿಯನ್ನು ನಿಲ್ಲಿಸಿದೆ. ವಹಿವಾಟು ಇಳಿಯಿತು, ಪಾಲುದಾರನಾದ ತಮ್ಮನಿಗೆ ಇನ್ನೂ ಅಸಮಾಧಾನವಿದೆ. ಮೊದಲೇ ಕೊಂಡಿದ್ದ ಸೀರೆಗಳು ಹಿಂದಿನ ಕೋಣೆಯಲ್ಲಿ ಕಟ್ಟಿನಲ್ಲಿಯೇ ಇವೆ. ಅವನ್ನು ಮಾರಬೇಕೋ ಬಾರದೋ ಎಂಬುದನ್ನು ನಾನಿನ್ನೂ ನಿಶ್ಚಯಿಸಿಲ್ಲ. ಬಲ್ಲ ಓದುಗರು ತಮ್ಮ ಅಭಿಪ್ರಾಯವನ್ನು ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.

ಜೈ ಜಿನೇಂದ್ರ.